ಮೊಮ್ಮಗನ ಫೈಲಿನಲ್ಲಿರುವ ಪದಗಳು

ಪ್ರೀತಿಯ ಗೆಳತಿಗೆ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಜೆರಾಕ್ಸ್ ಹಾಳೆಗಳೂ ತಲುಪಿದವು. ನನ್ನ ಅಂಕಣ ಓದಿ ಎರಡು ಸಾಲು ಬರೆಯುತ್ತ ಪರಿಚಯವಾದವರು ನೀವು. ಈ ಸಲ ನನ್ನನ್ನು ನಂಬಿ ಮೊಮ್ಮಗನ ವರದಿಯನ್ನೇ ಕಳಿಸಿದ್ದೀರಿ. ಅರ್ಥವಾಗದ ಪದಗಳ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಇದು ಕೆಟ್ಟದ್ದಾ?’ ಎಂದು ಕೇಳಿದ್ದೀರಿ. ಗೆರೆ ಬೀಳದ ಸಾಲೇ ಅಪರೂಪ! ಈ ಪದಗಳೆಲ್ಲ ಒಂದೇ ಕಡೆಯಿಂದ ಬಂದವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವು ಸರ್ಕಾರಿ ಕಚೇರಿಗೆಂದೇ ಹುಟ್ಟಿದವು, ಕೆಲವು ಸಂಶೋಧಕರ ಜಗಳದಲ್ಲಿ ಹುಟ್ಟಿದವು, ಇನ್ನು ಕೆಲವು ಸ್ವಲೀನತೆ, ಅಂದರೆ ಆಟಿಸಂ, ಇರುವವರೇ ದೊಡ್ಡವರಾದ ಮೇಲೆ ತಮ್ಮ ಅನುಭವಕ್ಕೆ ಇಟ್ಟ ಹೆಸರುಗಳು. ನಾಳೆ ಬೆಳಿಗ್ಗೆ ಮಗುವಿನ ಜೊತೆ ಕೂತಾಗ ಯಾವ ಪದ ಕೈಗೆ ಬರುತ್ತದೆ ಅನ್ನುವುದಷ್ಟೇ ನನ್ನ ಅಳತೆ.

ನಿಮ್ಮ ನಿದ್ದೆ ಕೆಡಿಸಿರುವ 98ರಿಂದ ಶುರುಮಾಡೋಣ. ‘ಐಎಸ್‌ಎಎ ಸ್ಕೋರ್ 98’ ಎಂದಿದೆ, ನೀವು ಅದನ್ನು ನೂರಕ್ಕೆ ತೊಂಬತ್ತೆಂಟು ಎಂದು ಓದಿಕೊಂಡಿದ್ದೀರಿ. ಐಎಸ್‌ಎಎ ನಮ್ಮ ದೇಶಕ್ಕೆಂದೇ ಮಾಡಿದ ಮಾಪನ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 2009ರಲ್ಲಿ ಸಿದ್ಧಪಡಿಸಿದ್ದು. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5. ಹಾಗಾಗಿ ಏನೂ ತೊಂದರೆ ಇಲ್ಲದ ಮಗುವಿಗೂ 40 ಬಂದೇ ಬರುತ್ತದೆ, ಮೇಲಿನ ಮಿತಿ 200. 70ಕ್ಕಿಂತ ಕಡಿಮೆ ಇದ್ದರೆ ಸ್ವಲೀನತೆ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ನಿಮ್ಮ ಹುಡುಗ ಸೌಮ್ಯದ ಸಾಲಿನಲ್ಲಿದ್ದಾನೆ. ಆದರೆ ಈ ಅಂಕೆಯ ಮುಖ್ಯ ಉಪಯೋಗ ಅಂಗವಿಕಲತೆಯ ಪ್ರಮಾಣಪತ್ರಕ್ಕೆ. ಅವನು ಹತ್ತನೇ ವಯಸ್ಸಿಗೆ ಏನಾಗುತ್ತಾನೆ ಎಂಬುದನ್ನು ಅದು ಹೇಳುವುದಿಲ್ಲ. ‘ಸೌಮ್ಯ’ ಎಂದಿದೆಯಲ್ಲ ಎಂದು ಹಗುರಾಗಿ ತೆಗೆದುಕೊಳ್ಳಲೂ ಬೇಡಿ. ಆ ಪದ ನೋಡಿದ ಶಾಲೆಯವರು ‘ಹಾಗಾದರೆ ಸಹಾಯ ಬೇಕಿಲ್ಲ’ ಅನ್ನುತ್ತಾರೆ, ನೆಂಟರು ‘ಹಾಗಾದರೆ ಯಾಕೆ ಹೀಗೆ ಆಡ್ತಾನೆ’ ಅನ್ನುತ್ತಾರೆ.

ವರದಿಯ ಕೊನೆಯಲ್ಲಿರುವ ‘ಲೆವೆಲ್ 2’ ಬೇರೆ ಪುಸ್ತಕದ್ದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಎಂಬ ಕೈಪಿಡಿಯಲ್ಲಿ ಮೂರು ಮಟ್ಟಗಳಿವೆ. ಮೂರೂ ‘ಎಷ್ಟು ನೆರವು ಬೇಕು’ ಎಂಬುದರ ಅಳತೆಗಳೇ. ಒಂದೇ ಮಗು ಅಜ್ಜಿಯ ಮನೆಯ ಹಜಾರದಲ್ಲಿ ಒಂದನೇ ಮಟ್ಟದಲ್ಲಿದ್ದು, ಓಲಗ ಊದುವ ಕಲ್ಯಾಣಮಂಟಪದಲ್ಲಿ ಮೂರನೆಯದಕ್ಕೆ ಹೋಗಬಹುದು. ಕಾಗದದ ಮೇಲೆ ಮಾತ್ರ ಒಂದೇ ಅಂಕೆ ಕೂರುತ್ತದೆ. ಅಳಿಯಂದಿರು ‘ಇದು ಆಸ್ಪರ್ಜರ್ ಇರಬಹುದಾ’ ಎಂದು ಕೇಳಿದರಂತೆ. ಆ ಹೆಸರು 1994ರಲ್ಲಿ ಅದೇ ಕೈಪಿಡಿಯೊಳಗೆ ಬಂದು, 2013ರಲ್ಲಿ ಆಟಿಸಂ ಸ್ಪೆಕ್ಟ್ರಮ್ ಎಂಬ ದೊಡ್ಡ ಹೆಸರಿನೊಳಗೆ ಕರಗಿತು. ಆಮೇಲೆ 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರ ವಿಯೆನ್ನಾದ ಹಳೆಯ ಕಡತ ತೆಗೆದು, ನಾಜಿ ಕಾಲದಲ್ಲಿ ಆ ಹೆಸರಿನ ಮೂಲವಾದ ಡಾ. ಆಸ್ಪರ್ಜರ್ ಕೆಲವು ಮಕ್ಕಳನ್ನು ಕೊಲ್ಲುವ ಆಸ್ಪತ್ರೆಗೆ ಕಳಿಸಿದ್ದನ್ನು ತೋರಿಸಿದ. ನಾನಂತೂ ಆ ಹೆಸರನ್ನು ಬಳಸುವುದನ್ನೇ ಬಿಟ್ಟಿದ್ದೇನೆ.

ಇನ್ನು ನಿಮ್ಮ ಬೀಗಿತ್ತಿಯವರ ಮಾತು. ‘ತಾಯಿ ಕೆಲಸಕ್ಕೆ ಹೋದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟಳು, ಅದಕ್ಕೇ ಹೀಗಾಯ್ತು. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ.’ ಈ ಆರೋಪಕ್ಕೆ ದೊಡ್ಡ ಚರಿತ್ರೆಯೇ ಇದೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗಲೇ ಅವರ ತಂದೆತಾಯಿಯರ ಮಮತೆ ಸಾಲದು ಎಂಬ ಧ್ವನಿ ಇತ್ತು. ಮುಂದೆ ಅದು ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಪದವಾಯಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದಕ್ಕೆ ಇನ್ನಷ್ಟು ಬಲ ಕೊಟ್ಟರು. ತಾಯಂದಿರು ಒಂದು ತಲೆಮಾರು ಪೂರ್ತಿ ಆ ಪಾಪ ಹೊತ್ತು ನಡೆದರು. ಸ್ವತಃ ಸ್ವಲೀನತೆಯ ಮಗನಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದು ಎಂದು ಪುಸ್ತಕ ಬರೆದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್, ಮೈಕೆಲ್ ರಟ್ಟರ್ ಇಬ್ಬರೂ ಸೇರಿ 21 ಅವಳಿ ಜೋಡಿಗಳನ್ನು ನೋಡಿದರು. ಒಂದೇ ಅಂಡದಿಂದಾದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆ ಇತ್ತು, ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಯ ಪಾಲು ದೊಡ್ಡದು ಎಂದು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು ಅಲ್ಲಿಂದ.

ಮೊಬೈಲಿನ ವಿಷಯಕ್ಕೆ ಈಗ ವಾಟ್ಸಾಪಿನಲ್ಲಿ ‘ವರ್ಚುವಲ್ ಆಟಿಸಂ’ ಎಂಬ ಪದ ಓಡಾಡುತ್ತಿದೆ. ಡಿಎಸ್‌ಎಂನಲ್ಲೂ ಅದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲೂ ಇಲ್ಲ. ಇಡೀ ದಿನ ಪರದೆ ನೋಡುವ ಯಾವ ಮಗುವಿಗೂ ಮಾತು, ಆಟ, ನಿದ್ದೆ ಎಲ್ಲ ಹಿಂದೆ ಬೀಳಬಹುದು, ಕಡಿಮೆ ಮಾಡಿದರೆ ಒಳ್ಳೆಯದೇ. ಆದರೆ ಪರದೆ ಆರಿಸಿದರೆ ಸ್ವಲೀನತೆ ಹೋಗುತ್ತದೆ ಎಂದು ಯೂಟ್ಯೂಬಿನವರು ಹೇಳಿದರೆ ನಂಬಬೇಡಿ. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಅನ್ನುವುದಕ್ಕೆ ಉತ್ತರ: ಅಮೆರಿಕದಲ್ಲಿ ಎಂಟು ವರ್ಷದ ಮಕ್ಕಳ ಲೆಕ್ಕ ಹಿಡಿದಾಗ 2000ದಲ್ಲಿ 150ಕ್ಕೆ ಒಂದು ಸಿಕ್ಕಿತ್ತು, 2022ರಲ್ಲಿ 31ಕ್ಕೆ ಒಂದು. ವ್ಯಾಖ್ಯೆ ಹಿಗ್ಗಿದ್ದು, ಹುಡುಕುವ ಕಣ್ಣು ಹೆಚ್ಚಿದ್ದು ಈ ಏರಿಕೆಯ ದೊಡ್ಡ ಭಾಗ. ಬೀಗಿತ್ತಿಯವರ ಊರಿನಲ್ಲೂ ಯಾರ ಜೊತೆಗೂ ಸೇರದೆ ಬಸ್ಸಿನ ವೇಳಾಪಟ್ಟಿ ಬಾಯಿಪಾಠ ಹೇಳುವ ಒಬ್ಬ ದೊಡ್ಡಪ್ಪ ಇದ್ದೇ ಇರುತ್ತಾನೆ, ಕೇಳಿ ನೋಡಿ.

‘ಜಾಯಿಂಟ್ ಅಟೆನ್ಷನ್ ಕಡಿಮೆ’ ಎಂಬ ಸಾಲು ನಿಮಗೆ ಅತ್ಯಂತ ಒಣಕಲಾಗಿ ಕಂಡಿರಬೇಕು. ಅದು ನೀವು ಮೂರು ಮಕ್ಕಳಿಗೆ ಮಾಡಿದ ಕೆಲಸವೇ. ಅಂಗಳದಲ್ಲಿ ಮಗುವನ್ನು ಸೊಂಟಕ್ಕೇರಿಸಿ ಚಂದಮಾಮನನ್ನು ತೋರಿಸಿ ತುತ್ತು ಇಡುತ್ತೀರಲ್ಲ, ಆಗ ಮಗು ನಿಮ್ಮ ಬೆರಳು ನೋಡಿ, ಚಂದ್ರನನ್ನು ನೋಡಿ, ‘ನೋಡಿದೆ’ ಅನ್ನುವ ಹಾಗೆ ಮತ್ತೆ ನಿಮ್ಮ ಮುಖ ನೋಡುತ್ತದೆ. ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲಿದೆ ಎಂದು ಇಬ್ಬರಿಗೂ ಗೊತ್ತಿರುವುದು, ಅಷ್ಟೇ. ಮಾತು ಕಲಿಯಲು ಇದು ಮೆಟ್ಟಿಲು. ಅವನು ನಿಮ್ಮ ಬೆರಳು ಹಿಂಬಾಲಿಸದಿದ್ದರೆ ನೀವು ಅವನ ಕಣ್ಣನ್ನು ಹಿಂಬಾಲಿಸಿ. ಫ್ಯಾನ್ ನೋಡುತ್ತಿದ್ದಾನೆಯೇ? ಪಕ್ಕದಲ್ಲಿ ಮಲಗಿ ನೀವೂ ಫ್ಯಾನ್ ನೋಡಿ, ‘ತಿರುಗ್ತಾ ಇದೆ’ ಅನ್ನಿ.

‘ಐ ಕಾಂಟ್ಯಾಕ್ಟ್ ಇಲ್ಲ’ ಎಂಬುದಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ‘ಎಷ್ಟು ಧಿಮಾಕು’ ಅನ್ನಿಸಿಕೊಂಡೇ ಬೆಳೆದವರಲ್ಲವೇ ನಾವು! ಸ್ವಲೀನತೆ ಇರುವ ಎಷ್ಟೋ ವಯಸ್ಕರು, ಕಣ್ಣು ನೋಡಿದರೆ ಮಾತು ಕೇಳಿಸುವುದಿಲ್ಲ, ಮಾತು ಕೇಳಬೇಕೆಂದರೆ ಬೇರೆಡೆ ನೋಡಬೇಕು ಎಂದು ಬರೆದಿದ್ದಾರೆ. ಗಲ್ಲ ಹಿಡಿದು ಮುಖ ತಿರುಗಿಸುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ.

ಈಗ ಎಕೊಲೇಲಿಯಾ, ಅಂದರೆ ಕೇಳಿದ ಮಾತನ್ನೇ ತಿರುಗಿ ಹೇಳುವುದು. ಕೆಳಗೆ ಎರಡು ಗೆರೆ ಎಳೆದಿದ್ದೀರಿ, ನನಗೋ ಇಡೀ ಫೈಲಿನಲ್ಲಿ ಸಂತೋಷ ಕೊಟ್ಟ ಪದ ಇದೇ. ‘ನೀರು ಬೇಕಾ?’ ಅಂದರೆ ಅವನೂ ‘ನೀರು ಬೇಕಾ?’ ಅನ್ನುತ್ತಾನೆ, ಅರ್ಥವಿಲ್ಲದೆ ಗಿಳಿಪಾಠ ಒಪ್ಪಿಸುತ್ತಾನೆ ಎಂದು ಬರೆದಿದ್ದೀರಿ. ಆದರೆ ನೀರು ಕೊಟ್ಟರೆ ಕುಡಿಯುತ್ತಾನೆ ಎಂದೂ ಮುಂದಿನ ಸಾಲಿನಲ್ಲೇ ಇದೆ! ಅವನ ಮಟ್ಟಿಗೆ ಆ ಎರಡು ಅಕ್ಷರದ ‘ಬೇಕಾ’ ಹೌದು ಅನ್ನುವುದಕ್ಕೆ ಸಮ.

ಇದನ್ನು ಬಹಳ ಹಿಂದೆಯೇ ಗಮನಿಸಿ ಬರೆದವರೂ ಅದೇ ಕ್ಯಾನರ್. 1946ರ ಒಂದು ಲೇಖನದಲ್ಲಿ ಒಬ್ಬ ಹುಡುಗನ ಕಥೆ ಇದೆ. ‘ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ’ ಎಂದು ಅವನು ಆಗಾಗ ತನ್ನಷ್ಟಕ್ಕೆ ಹೇಳುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ತಾಯಿಯನ್ನು ಕೇಳಿದಾಗ ಗಂಟು ಬಿಚ್ಚಿತು. ಮೂರು ವರ್ಷದ ಹಿಂದೆ ಲಂಡನ್ನಿನ ಹೋಟೆಲಿನಲ್ಲಿ ಅವನು ಆಟಿಕೆಯ ನಾಯಿಯನ್ನು ಮತ್ತೆ ಮತ್ತೆ ಕೆಳಗೆ ಎಸೆಯುತ್ತಿದ್ದ, ಎತ್ತಿ ತಂದು ಸಾಕಾದ ತಾಯಿ ಹಾಗೆಂದು ಗದರಿದ್ದಳು. ಅಂದಿನಿಂದ ಏನನ್ನಾದರೂ ಎಸೆಯಬೇಕು ಅನ್ನಿಸಿದಾಗಲೆಲ್ಲ ಅವನು ಆ ವಾಕ್ಯವನ್ನೇ ತನಗೆ ತಾನೇ ಹೇಳಿಕೊಂಡು ಕೈ ಹಿಡಿದುಕೊಳ್ಳುತ್ತಿದ್ದ. ಅಷ್ಟು ಒಳ್ಳೆಯ ಸಂಯಮ ನಮಗಿದೆಯೇ ಹೇಳಿ. ಇಷ್ಟಿದ್ದೂ ಎಷ್ಟೋ ಚಿಕಿತ್ಸಕರು ಎಕೊಲೇಲಿಯಾವನ್ನು ಅಳಿಸಬೇಕಾದ ದುರಭ್ಯಾಸವೆಂದೇ ಕಂಡರು. ಬ್ಯಾರಿ ಪ್ರೈಜಾಂಟ್ ಮತ್ತು ಜೊತೆಗಾರರು 1981ರಲ್ಲಿ, ಮತ್ತೆ 1984ರಲ್ಲಿ, ಮಕ್ಕಳ ಇಂಥ ಮಾತುಗಳನ್ನು ವಿಡಿಯೊ ಹಿಡಿದು ಒಂದೊಂದಾಗಿ ನೋಡಿದಾಗ ಅವುಗಳಲ್ಲಿ ಬೇಡಿಕೆ, ಒಪ್ಪಿಗೆ, ಮಾತಿನಲ್ಲಿ ತನ್ನ ಸರದಿ ತೆಗೆದುಕೊಳ್ಳುವುದು, ತನಗೆ ತಾನೇ ಅಭ್ಯಾಸ ಮಾಡಿಕೊಳ್ಳುವುದು ಎಲ್ಲವೂ ಕಂಡವು. ಹಾಗಾಗಿ ನಿಮ್ಮ ಹುಡುಗ ಮಧ್ಯಾಹ್ನ ಊಟದ ನಡುವೆ ಇದ್ದಕ್ಕಿದ್ದಂತೆ ‘ಗೇಟ್ ಹಾಕು, ಹಸು ಬರತ್ತೆ’ ಅನ್ನುತ್ತಾನಲ್ಲ, ಅದನ್ನು ಯಾರು, ಯಾವಾಗ, ಯಾವ ಗಾಬರಿಯಲ್ಲಿ ಹೇಳಿದ್ದರು ಎಂದು ನೆನಪು ಮಾಡಿಕೊಳ್ಳಿ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ: ಏನಂದ, ಆಗ ಏನಾಗುತ್ತಿತ್ತು, ಆಮೇಲೆ ಏನಾಯಿತು. ಮುಂದಿನ ಭೇಟಿಯಲ್ಲಿ ಸ್ಪೀಚ್ ಥೆರಪಿಸ್ಟ್‌ಗೆ ಆ ಹಾಳೆಯಷ್ಟು ಉಪಯೋಗದ್ದು ಬೇರೆ ಯಾವುದೂ ಇರುವುದಿಲ್ಲ. ಮನೆಯಲ್ಲಿ ಪ್ರಶ್ನೆ ಕಡಿಮೆ ಮಾಡಿ, ಅವನ ಬಾಯಲ್ಲಿ ಬರಬೇಕಾದ ರೂಪದಲ್ಲೇ ಮಾತಾಡಿ. ‘ನೀರು ಬೇಕಾ?’ ಬದಲು ಲೋಟ ತೋರಿಸಿ ‘ನೀರು ಬೇಕು’ ಅನ್ನಿ. ಅವನು ಎತ್ತಿಕೊಳ್ಳುವುದು ಅದನ್ನೇ.

ಪತ್ರದಲ್ಲಿ ಒಂದು ಸಾಲು ಓದಿ ನನಗೆ ಸಿಟ್ಟೇ ಬಂತು. ‘ಎರಡು ಭಾಷೆ ಗೊಂದಲ ಮಾಡುತ್ತದೆ, ಇನ್ನು ಮೇಲೆ ಮನೆಯಲ್ಲಿ ಇಂಗ್ಲಿಷ್ ಮಾತ್ರ’ ಎಂದು ಯಾರೋ ಹೇಳಿದರಂತೆ, ಅಂದಿನಿಂದ ನೀವು ಮೊಮ್ಮಗನ ಜೊತೆ ಮಾತೇ ಆಡುತ್ತಿಲ್ಲವಂತೆ. ದಯವಿಟ್ಟು ಇವತ್ತೇ ಶುರುಮಾಡಿ. ಮಾಂಟ್ರಿಯಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಭಾಷೆಯ ನಡುವೆ ಬೆಳೆಯುತ್ತಿದ್ದ ಸ್ವಲೀನತೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿವೆ. ಅಜ್ಜಿ ಬಾಯಿ ಮುಚ್ಚಿಕೊಂಡರೆ ಮಗುವಿಗೆ ಸಿಗುವ ಮಾತು ಅರ್ಧಕ್ಕೆ ಇಳಿಯುತ್ತದೆ, ಆ ನಷ್ಟ ಯಾವ ವರದಿಯಲ್ಲೂ ಬರುವುದಿಲ್ಲ.

ಇದೇ ತರಹದ ಇನ್ನೊಂದು ಭಯ ‘ಎಎಸಿ’ಯದ್ದು, ಅಂದರೆ ಮಾತಿಗೆ ಬದಲಾಗಿ ಅಥವಾ ಜೊತೆಯಾಗಿ ಚಿತ್ರ, ಸನ್ನೆ, ಟ್ಯಾಬಿನ ಮೂಲಕ ಹೇಳುವುದು. ಚಿತ್ರದ ಕಾರ್ಡ್ ಕೊಟ್ಟು ಬೇಕಾದ್ದು ಕೇಳುವ ‘ಪೆಕ್ಸ್’ ಪದ್ಧತಿಯನ್ನು 1985ರಲ್ಲಿ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಅಮೆರಿಕದಲ್ಲಿ ಶುರುಮಾಡಿದರು. ಟ್ಯಾಬಿನಲ್ಲಿ ಬಳಸುವ ‘ಆವಾಜ್’ ಚೆನ್ನೈಯಲ್ಲೇ ಹುಟ್ಟಿದ್ದು. ಕಾರ್ಡ್ ಕೊಟ್ಟರೆ ಮಗು ಸೋಮಾರಿಯಾಗಿ ಮಾತು ಬಿಡುತ್ತದೆ ಎಂದು ನಿಮ್ಮ ಮಗಳಿಗೆ ಅಂಜಿಕೆ. 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕಡಿಮೆಯಾಗಿರಲಿಲ್ಲ, ಬಹುಪಾಲು ಹೆಚ್ಚೇ ಆಗಿತ್ತು.

‘ಸೆನ್ಸರಿ’ ಎಂದು ಶುರುವಾಗುವ ಭಾಗ ಎರಡು ಪುಟ ಇದೆ. ಸದ್ದು, ಬೆಳಕು, ಮುಟ್ಟುವುದು, ವಾಸನೆ ಇವು ಕೆಲವರಿಗೆ ಅತಿಯಾಗಿ, ಕೆಲವರಿಗೆ ಕಡಿಮೆಯಾಗಿ ತಟ್ಟುತ್ತವೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಕುಕ್ಕರ್ ಸೀಟಿಗೆ ಕಿವಿ ಮುಚ್ಚುವ ಹುಡುಗ ಮಂಡಿ ತರಚಿದ್ದನ್ನು ಗಮನಿಸದೇ ಇರಬಹುದು. ವಿಚಿತ್ರವೆಂದರೆ ತಂದೆತಾಯಿಯರು ದಶಕಗಳಿಂದ ಹೇಳುತ್ತಿದ್ದ ಈ ಸಂಗತಿ ಡಿಎಸ್‌ಎಂನ ಲಕ್ಷಣಪಟ್ಟಿಗೆ ಸೇರಿದ್ದು 2013ರಲ್ಲಿ. ಮಿಕ್ಸಿ ಹಾಕುವ ಮುಂಚೆ ಹೇಳಿ, ಎಣ್ಣೆನೀರಿಗೆ ಬಲವಂತ ಬೇಡ, ಅಂಗಿಯ ಕುತ್ತಿಗೆ ಪಟ್ಟಿಯ ಲೇಬಲ್ ಕತ್ತರಿಸಿ. ಕೈ ಬಡಿಯುವುದು, ತೂಗುವುದು, ಅದೇ ಸದ್ದು ಮಾಡುವುದಕ್ಕೆ ‘ಸ್ಟಿಮ್ಮಿಂಗ್’ ಅನ್ನುತ್ತಾರೆ. ಅದು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಅಥವಾ ಖುಷಿ ತೋರಿಸುವ ದಾರಿ. ತನಗೆ ಪೆಟ್ಟು ಮಾಡಿಕೊಳ್ಳದಿದ್ದರೆ ಬಿಟ್ಟುಬಿಡಿ.

‘ಮೆಲ್ಟ್‌ಡೌನ್’ ವರದಿಯಲ್ಲಿಲ್ಲ, ಅದರ ಬದಲು ‘ಟ್ಯಾಂಟ್ರಮ್ಸ್’ ಎಂದಿದೆ. ನನಗೆ ಅಲ್ಲಿ ತಕರಾರಿದೆ. ಹಟ ಮಾಡುವ ಮಗು ನೀವು ನೋಡುತ್ತಿದ್ದೀರಾ ಎಂದು ಓರೆಗಣ್ಣಲ್ಲಿ ನೋಡುತ್ತದೆ, ಕೇಳಿದ್ದು ಸಿಕ್ಕಿದರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಆದ ಮಗು ಕೇಳಿದ್ದನ್ನೇ ಕೊಟ್ಟರೂ ನಿಲ್ಲಿಸಲಾರದು, ಏಕೆಂದರೆ ಅದರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮೊನ್ನೆ ಮದುವೆಮನೆಯಲ್ಲಿ ನೆಲಕ್ಕೆ ಬಿದ್ದು ಒದ್ದಾಡಿದ್ದು ಎರಡನೆಯದೇ ಇರಬೇಕು. ಆಗ ಬುದ್ಧಿಮಾತು, ಪ್ರಶ್ನೆ, ಲಂಚ ಯಾವುದೂ ನಾಟುವುದಿಲ್ಲ. ಎತ್ತಿಕೊಂಡು ಸದ್ದಿಲ್ಲದ ಕಡೆ ಹೋಗಿ, ಜನರನ್ನು ದೂರ ಇಡಿ, ಮಾತು ಕಡಿಮೆ ಮಾಡಿ ಪಕ್ಕದಲ್ಲಿ ಕೂತಿರಿ.

ಸಂಶೋಧಕರ ಜಗಳದ ಪದಗಳನ್ನು ಬೇಗ ದಾಟೋಣ. ‘ಥಿಯರಿ ಆಫ್ ಮೈಂಡ್’ ಎಂದರೆ ಎದುರಿನವರ ಮನಸ್ಸಿನಲ್ಲಿರುವುದನ್ನು ಊಹಿಸುವ ಶಕ್ತಿ. ಲಂಡನ್ನಿನಲ್ಲಿ 1985ರಲ್ಲಿ ಗೊಂಬೆಯಾಟದ ಪರೀಕ್ಷೆ ಮಾಡಿದಾಗ ಸ್ವಲೀನತೆಯ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು, ‘ಇವರಿಗೆ ಇನ್ನೊಬ್ಬರ ಮನಸ್ಸು ಅರ್ಥವಾಗದು’ ಎಂಬ ಮಾತು ಹಬ್ಬಿತು. ಸರಿ ಹೇಳಿದ ನಾಲ್ವರನ್ನು ಎಲ್ಲರೂ ಮರೆತರು. ಸ್ವತಃ ಸ್ವಲೀನತೆ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ತಿರುಗಿ ಕೇಳಿದರು: ನಿಮಗೆ ನಮ್ಮ ಮನಸ್ಸು ಅರ್ಥವಾಗುತ್ತದೆಯೇ? ಅದಕ್ಕೆ ‘ಡಬಲ್ ಎಂಪಥಿ’ ಎಂಬ ಹೆಸರು ಬಂತು. ಒಬ್ಬರಿಂದೊಬ್ಬರಿಗೆ ಕಥೆ ದಾಟಿಸುವ ಆಟವನ್ನು 2020ರಲ್ಲಿ ಆಡಿಸಿದಾಗ ಸ್ವಲೀನತೆ ಇರುವವರದ್ದೇ ಸಾಲು ಇತರರದ್ದೇ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು, ಬೆರೆಸಿದ ಸಾಲು ಮಾತ್ರ ಸೋತಿತು. 2025ರಲ್ಲಿ ದೊಡ್ಡ ಗುಂಪಿನಲ್ಲಿ ಮತ್ತೆ ಆಡಿಸಿದಾಗ ಬೆರೆಸಿದ ಸಾಲೂ ಸೋಲಲಿಲ್ಲ. ವಾದ ಇನ್ನೂ ನಡೆಯಲಿ, ‘ಇವನಿಗೆ ಭಾವನೆಯೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನೀವು ಒಪ್ಪಬೇಡಿ.

ಚಿಕಿತ್ಸಾ ಕೇಂದ್ರದವರು ‘ಎಬಿಎ, ವಾರಕ್ಕೆ 40 ಗಂಟೆ’ ಎಂದರಂತೆ. ಎಬಿಎ ಎಂದರೆ ನಡವಳಿಕೆ ತಿದ್ದುವ ತರಬೇತಿ. ಈ 40 ಬಂದದ್ದು ಕ್ಯಾಲಿಫೋರ್ನಿಯಾದ ಇವಾರ್ ಲೋವಾಸ್ ಅವರ 1987ರ ಅಧ್ಯಯನದಿಂದ. ಅದರಲ್ಲಿ 19 ಮಕ್ಕಳು, ಅವರಲ್ಲಿ 9 ಮಂದಿ ಸಾಮಾನ್ಯ ಒಂದನೇ ತರಗತಿಗೆ ಸೇರಿದರು ಎಂದು ಜಗತ್ತೆಲ್ಲ ಸುದ್ದಿ. ಗದರುವುದು, ತೊಡೆಗೆ ಏಟು ಕೊಡುವುದು ಆ ಪದ್ಧತಿಯ ಭಾಗವಾಗಿತ್ತು ಎಂಬುದು ಅಷ್ಟು ಸುದ್ದಿಯಾಗಲಿಲ್ಲ. ಇವತ್ತಿನ ಎಬಿಎ ಬಹಳ ಕಡೆ ಬದಲಾಗಿದೆ, ಆದರೂ ಅದರಲ್ಲಿ ಬೆಳೆದ ಅನೇಕರು ‘ಸಾಮಾನ್ಯರಂತೆ ನಟಿಸುವುದನ್ನು ಕಲಿಸಿದರು’ ಎಂದು ನೊಂದು ಬರೆದಿದ್ದಾರೆ. ಆ ನಟನೆಗೆ ‘ಮಾಸ್ಕಿಂಗ್’ ಎನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಅದಕ್ಕೇ ಅವರಲ್ಲಿ ಸ್ವಲೀನತೆ ಬೇಗ ಪತ್ತೆಯಾಗುವುದಿಲ್ಲ. ಕೇಂದ್ರದವರನ್ನು ಎರಡೇ ಪ್ರಶ್ನೆ ಕೇಳಿ: ಮಗು ಅತ್ತರೆ ಏನು ಮಾಡುತ್ತೀರಿ? ತಾಯಿ ಒಳಗೆ ಕೂರಬಹುದೇ? ಎರಡನೆಯದಕ್ಕೆ ‘ಇಲ್ಲ’ ಅಂದರೆ ನಾನಾದರೆ ಎದ್ದು ಬರುತ್ತೇನೆ. ನಿಮ್ಮ ಮಗಳಿಗೆ ಗೋವಾದ ಒಂದು ಪ್ರಯೋಗದ ಕಥೆ ಹೇಳಿ. ಅಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಸೇರಿ 65 ಮಕ್ಕಳು. ತಜ್ಞರಲ್ಲದ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ತಂದೆತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೊ ಹಿಡಿದು, ಜೊತೆಗೆ ಕೂತು ನೋಡಿ, ಮಗು ಎಲ್ಲಿ ತಾನಾಗಿ ಕೈ ಚಾಚಿತು ಎಂದು ತೋರಿಸಿದರು. 2016ರ ವರದಿಯಂತೆ ಮಕ್ಕಳು ತಾವಾಗಿ ಸಂವಹನ ಶುರುಮಾಡುವುದು ಹೆಚ್ಚಿತು. ಇನ್ನು ‘ಸ್ಟೆಮ್ ಸೆಲ್’ ಚಿಕಿತ್ಸೆಗೆ ಒಡವೆ ಅಡವಿಡುವ ಮಾತು ಬಂದರೆ ಖಡಾಖಂಡಿತವಾಗಿ ಬೇಡ. ಅದಿನ್ನೂ ಪ್ರಯೋಗದ ಹಂತ ದಾಟಿಲ್ಲ.

ವರದಿ ಓದಿದ ರಾತ್ರಿ ದೇವರಮನೆಯಲ್ಲಿ ಕೂತು ಅತ್ತದ್ದನ್ನು ಬರೆದಿದ್ದೀರಿ. ಸ್ವಲೀನತೆ ಇರುವ ಜಿಮ್ ಸಿಂಕ್ಲೇರ್ 1993ರಲ್ಲಿ ಪೋಷಕರಿಗೆಂದು ಒಂದು ಸಣ್ಣ ಬರಹ ಬರೆದರು. ನೀವು ಅಳುತ್ತಿರುವುದು ನೀವು ಕಲ್ಪಿಸಿಕೊಂಡಿದ್ದ, ಹುಟ್ಟದೇ ಇದ್ದ ಮಗುವಿಗಾಗಿ. ಅಳಿ, ಆದರೆ ನಮ್ಮ ಮುಂದೆ ಬೇಡ, ಏಕೆಂದರೆ ನಾವು ಇಲ್ಲೇ ಇದ್ದೇವೆ ಎಂಬುದು ಅದರ ಸಾರ. ಅಳಿಯಂದಿರು ಓದುವವರಾದರೆ ಹುಡುಕಿ ಕೊಡಿ.

ಕೊನೆಗೆ ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ಪ್ರಮಾಣಪತ್ರದಲ್ಲಿ 40 ಪ್ರತಿಶತ ಅಥವಾ ಹೆಚ್ಚು ಇದ್ದರೆ ಬಹುತೇಕ ಸೌಲಭ್ಯಗಳಿಗೆ ದಾರಿ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕೂ ಸೇರಿ. ಅದರ ಆಧಾರದ ಮೇಲೆ ಸಿಗುವ ಗುರುತಿನ ಚೀಟಿಗೆ ‘ಯುಡಿಐಡಿ’ ಅನ್ನುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿವರೆಗೆ. ಬೀಗರು ‘ಹಣೆಪಟ್ಟಿ ಬೇಡ, ಮುಂದೆ ಮದುವೆಗೆ ಅಡ್ಡಿ’ ಅನ್ನುತ್ತಿದ್ದಾರಂತೆ. ಮೂರೂವರೆ ವರ್ಷದ ಹುಡುಗನ ಮದುವೆಯ ಚಿಂತೆ ಈಗಲೇ ಯಾಕೆ, ಮೊದಲು ವಿಮೆ ಆಗಲಿ ಅನ್ನಿ.

ನೀವಿರುವ ಹಾಸನದಿಂದ ಮೈಸೂರಿಗೆ ಹೋಗಿಬರುವುದು ಕಷ್ಟವಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಕೆಲಸ ಮಾಡುವವರು ಸಿಗುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ‘ಡಿಇಐಸಿ’ ಎಲ್ಲಿ ಎಂದು ಕೇಳಿದರೆ ಸಣ್ಣ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರವನ್ನು ತೋರಿಸುತ್ತಾರೆ, ಮೊದಲ ಭೇಟಿಗೆ ಅದೂ ಸಾಕು. ಹೋಗುವಾಗ ಮಗುವಿನ ಆಧಾರ್, ಜನನ ಪ್ರಮಾಣಪತ್ರ, ನಾಲ್ಕು ಫೋಟೊ, ಈ ವರದಿಯ ಎರಡು ಜೆರಾಕ್ಸ್ ಇಟ್ಟುಕೊಳ್ಳಿ. ಮೂಲಪ್ರತಿ ಯಾರ ಕೈಗೂ ಕೊಟ್ಟುಬರಬೇಡಿ. ಕಾಯುವುದು ತುಂಬ ಹೊತ್ತಾಗುತ್ತದೆ, ಅವನಿಗೆ ಇಷ್ಟದ ಚಕ್ಕುಲಿಯೂ ಚೀಲದಲ್ಲಿರಲಿ.

ನಿಮ್ಮ ಪ್ರೀತಿಯ,
ಗೆಳತಿ